ಒಂದೊಂದೇ ಫ್ಯಾಕ್ಟರ್ ಬದಲಿಸೋದಾ, ಸ್ಟ್ಯಾಟಿಸ್ಟಿಕಲ್ ಡಿಸೈನಾ?

ಬ್ಯಾಸಿಲಸ್ ಥರದ ಬ್ಯಾಕ್ಟೀರಿಯಾದಿಂದ ಅಮೈಲೇಸ್ (ಸ್ಟಾರ್ಚ್ ಒಡೆಯೋ ಎಂಜೈಮ್) ತೆಗೀಬೇಕು, ಮೀಡಿಯಂ (ಬ್ಯಾಕ್ಟೀರಿಯಾ ಬೆಳೆಸೋ ಪೋಷಕ ದ್ರವ), ಪಿಹೆಚ್, ಟೆಂಪರೇಚರ್ ಎಲ್ಲಾ ಸೆಟ್ ಮಾಡ್ಬೇಕು ಅಂದ್ರೆ ಇರೋದು ಮುಖ್ಯವಾಗಿ ಎರಡು ದಾರಿ: ಇಂಥ ಫ್ಯಾಕ್ಟರ್‌ಗಳನ್ನ ಒಂದೊಂದೇ ಬದಲಿಸಿ ನೋಡೋದು, ಇಲ್ಲಾ ಸ್ಟ್ಯಾಟಿಸ್ಟಿಕಲ್ ಡಿಸೈನ್, ಅಂದ್ರೆ ಹಲವು ಫ್ಯಾಕ್ಟರ್ ಒಟ್ಟಿಗೆ ಲೆಕ್ಕಾಚಾರದ ಪ್ರಕಾರ ಬದಲಿಸೋ ಪ್ಲಾನ್.

ಒಂದ್ಸಲಕ್ಕೆ ಒಂದೇ ಫ್ಯಾಕ್ಟರ್ ಬದಲಿಸೋದು ಸುಲಭ, ಸಾಫ್ಟ್‌ವೇರೂ ಬೇಡ. ಸ್ಟಾರ್ಚ್ ಹಾಕೋದಾ ಗ್ಲೂಕೋಸಾ ಅನ್ನೋ ಥರದ ಪ್ರಶ್ನೆಗೆ ಇದೇ ಸಾಕು, ಯಾಕಂದ್ರೆ ಗ್ಲೂಕೋಸ್ ಜಾಸ್ತಿ ಆದ್ರೆ ಸೆಲ್ಸ್ ಏನೋ ಚೆನ್ನಾಗಿ ಬೆಳೆಯುತ್ವೆ, ಆದ್ರೆ ಸಾಮಾನ್ಯವಾಗಿ ಅಮೈಲೇಸ್ ಜೀನ್ ಅದುಮಿ ಹೋಗಿ ಎಂಜೈಮ್ ಕಮ್ಮಿ ಬರತ್ತೆ, ಅದು ಎರಡು ಫ್ಲಾಸ್ಕ್ ಪಕ್ಕಪಕ್ಕ ಇಟ್ರೆ ಗೊತ್ತಾಗತ್ತೆ. ತೊಂದರೆ ಎಲ್ಲಿ ಅಂದ್ರೆ ಫ್ಯಾಕ್ಟರ್‌ಗಳು ಒಂದರ ಮೇಲೊಂದು ಪರಿಣಾಮ ಬೀರೋ ಕಡೆ: ಟೆಂಪರೇಚರ್ ಏರಿಸಿದ್ರೆ ನೀರಲ್ಲಿ ಕರಗೋ ಆಕ್ಸಿಜನ್ ಕಮ್ಮಿ ಆಗತ್ತೆ, ಹಾಗಾಗಿ 37 ಡಿಗ್ರಿಗೆ ಸರಿ ಹೋದ ಶೇಕಿಂಗ್ ಸ್ಪೀಡ್ 45ಕ್ಕೆ ಸಾಲದೇ ಹೋಗಬಹುದು. ಈ ವಿಧಾನಕ್ಕೆ ಅದು ಕಾಣೋದೇ ಇಲ್ಲ.

ಡಿಸೈನ್‌ಗಳಲ್ಲಿ ಪ್ಲಾಕೆಟ್-ಬರ್ಮನ್ (ಮುಖ್ಯವಾದ ಫ್ಯಾಕ್ಟರ್ ಯಾವುದು ಅಂತ ಆರಿಸೋ ಡಿಸೈನ್) ಆದ್ರೆ 12 ರನ್‌ನಲ್ಲಿ, ಅಂದ್ರೆ 12 ಪ್ರಯೋಗದಲ್ಲಿ, 11 ಫ್ಯಾಕ್ಟರ್ ತನಕ ಜಾಲಿಸಬಹುದು, ಆದ್ರೆ ಇದ್ರಲ್ಲೂ ಇಂಟರಾಕ್ಷನ್, ಅಂದ್ರೆ ಫ್ಯಾಕ್ಟರ್‌ಗಳ ಪರಸ್ಪರ ಪರಿಣಾಮ, ಸ್ಪಷ್ಟವಾಗಿ ಸಿಗಲ್ಲ (ತುಂಬಾ ಜನ ಇಲ್ಲೇ ಎಡವೋದು). ಅದಕ್ಕೆ ಜಾಲಿಸಿದ ಮೇಲೆ ಮುಖ್ಯ ಅಂತ ಉಳಿದ ಮೂರು ಫ್ಯಾಕ್ಟರ್ ಇಟ್ಕೊಂಡು ಬಾಕ್ಸ್-ಬೆಹ್ನ್‌ಕೆನ್ (ಸರಿಯಾದ ಪ್ರಮಾಣ ಹುಡುಕೋ ಡಿಸೈನ್) ಮಾಡಿ, ಮೂರು ಸೆಂಟರ್ ಪಾಯಿಂಟ್ (ಎಲ್ಲಾ ಫ್ಯಾಕ್ಟರ್ ಮಧ್ಯದ ಮಟ್ಟದಲ್ಲಿರೋ ರನ್) ಸೇರಿ 15 ರನ್, ಎಲ್ಲಾ ಫ್ಯಾಕ್ಟರ್ ಒಟ್ಟಿಗೆ ತುದಿಗೆ ಹೋಗೋ ಕಾಂಬಿನೇಶನ್ ಇರಲ್ಲ.

ನನ್ ಪ್ರಕಾರ ಸ್ಟಾರ್ಚ್, ಗ್ಲೂಕೋಸ್ ಥರದ ಸೋರ್ಸ್ ಆಯ್ಕೆ ಮತ್ತೆ ರೇಂಜ್ (ಎಷ್ಟರಿಂದ ಎಷ್ಟರ ತನಕ) ಹುಡುಕೋಕೆ ಹಳೇ ವಿಧಾನ, ಪ್ರಮಾಣಕ್ಕೆ ಡಿಸೈನ್. ರೇಂಜ್ ತಪ್ಪಾದ್ರೆ ಮಾಡೆಲ್ ಎಷ್ಟೇ ಚಂದ ಇದ್ರೂ ವೇಸ್ಟು. ಫ್ಲಾಸ್ಕ್‌ನಿಂದ ಫರ್ಮೆಂಟರ್‌ಗೆ (ದೊಡ್ಡ ಬೆಳೆಸೋ ಟ್ಯಾಂಕ್‌ಗೆ) ಹೋದಾಗ ಏರೇಶನ್, ಅಂದ್ರೆ ಗಾಳಿ ಕೊಡೋದು, ಮಾತ್ರ ಮತ್ತೆ ಹೊಸದಾಗಿ ನೋಡ್ಲೇಬೇಕು.