ಎರೆ ಮಣ್ಣಿನ ಊರಲ್ಲಿ ಕಾರು ತೊಳೆಯುವುದು: ಬಕೆಟ್, ವಾಷಿಂಗ್ ಸೆಂಟರ್, ಬ್ರಷ್ ಮಷೀನ್

ಮೊದಲೇ ಹೇಳಿಬಿಡುತ್ತೇನೆ. ಕಲಬುರಗಿಯಲ್ಲಿ ಕಾರಿನ ಮೇಲ್ಭಾಗಕ್ಕೆ ಕೈ, ಕೆಳಭಾಗಕ್ಕೆ ವಾಷಿಂಗ್ ಸೆಂಟರ್‌ನ ಪ್ರೆಶರ್ ನೀರು. ತಿರುಗುವ ಬ್ರಷ್‌ನ ಆಟೋಮ್ಯಾಟಿಕ್ ಮಷೀನ್ ನನ್ನ ಪಟ್ಟಿಯಲ್ಲಿ ಕೊನೆಗೆ. ನನ್ನದು ಕಡು ನೀಲಿ ಸ್ವಿಫ್ಟ್, 2019ರ ಗಾಡಿ. ಮನೆ ಜೇವರ್ಗಿ ರೋಡ್ ಕಡೆ. ಕೆಲಸಕ್ಕೆ ಸೇಡಂ, ಚಿತ್ತಾಪುರ ಓಡಾಟ ತಪ್ಪಿದ್ದಲ್ಲ. ಮೂರನ್ನೂ ವರ್ಷಗಟ್ಟಲೆ ಬಳಸಿ ಆಯ್ತು.

ನಮ್ಮ ಕಡೆಯ ಕೊಳೆಯೇ ಬೇರೆ, ಅದನ್ನು ಬಿಟ್ಟು ಮಾತಾಡಿದರೆ ಉಪಯೋಗ ಇಲ್ಲ. ಬೇಸಿಗೆಯಲ್ಲಿ ಸೇಡಂ ರೋಡ್ ಹಿಡಿದು ಹೋಗಿಬಂದರೆ ಸಿಮೆಂಟ್ ಫ್ಯಾಕ್ಟರಿ, ಕಲ್ಲಿನ ಗಣಿ, ಲಾರಿ ಎಲ್ಲದರ ಬೂದು ಧೂಳು ಬಾನೆಟ್ ಮೇಲೆ ಕೂತಿರುತ್ತದೆ. ಚಳಿಗಾಲದಲ್ಲಿ ರಾತ್ರಿ ಅದರ ಮೇಲೆ ಇಬ್ಬನಿ ಬಿತ್ತು ಅಂದರೆ ಕಥೆ ಮುಗಿಯಿತು. ಸಿಮೆಂಟ್ ಅಲ್ವಾ, ನೀರು ತಗುಲಿದರೆ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಎರೆ ಮಣ್ಣಿನ ಸರದಿ. ಒದ್ದೆ ಇರುವಾಗ ಅಂಟುತ್ತದೆ, ಒಣಗಿದ ಮೇಲೆ ಉಗುರಿನಿಂದ ಕೆರೆದರೂ ಬಿಡುವುದಿಲ್ಲ.

ಬ್ರಷ್ ಮಷೀನ್ ರೂಢಿಯಾಗಿದ್ದು ಮಗಳು ಹೈದರಾಬಾದ್‌ನಲ್ಲಿ ಓದುವಾಗ. ಅವಳನ್ನು ನೋಡಲು ಹೋದಾಗೆಲ್ಲ ಅಲ್ಲಿನ ಒಂದು ಕಡೆ ತೊಳೆಸುತ್ತಿದ್ದೆ. ಇನ್ನೂರು ಚಿಲ್ಲರೆ ಕಿಲೋಮೀಟರ್ ಓಡಿಸಿದ ಮೇಲೆ ಸುಮ್ನೆ ಕೂತರೆ ಸಾಕು ಅನ್ನಿಸುತ್ತದೆ. ಕನ್ನಡಿ ಮಡಚಿ, ಆಂಟೆನಾ ಬಿಚ್ಚಿ ಒಳಗಿಟ್ಟರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ದೂರದಿಂದ ನೋಡಿದರೆ ಹೊಸ ಗಾಡಿ.

ಹತ್ತಿರ ಹೋಗಿ, ಬಿಸಿಲಿಗೆ ಓರೆಯಾಗಿ ನಿಂತು ನೋಡಬೇಕು. ಬಾನೆಟ್ ಪೂರ್ತಿ ದುಂಡಗಿನ, ಕೂದಲೆಳೆಯಷ್ಟು ಸಣ್ಣ ಗೀರುಗಳು. ಒಂದೇ ಸಲಕ್ಕೆ ಬಂದದ್ದಲ್ಲ, ನಿಧಾನಕ್ಕೆ ಕೂಡಿದ್ದು. ಗಾಡಿಯ ಮೇಲೆ ಬರೀ ಧೂಳಿದೆಯೋ ಮರಳಿದೆಯೋ ಬ್ರಷ್‌ಗೆ ಗೊತ್ತಾಗುವುದಿಲ್ಲ. ಮುಂಚೆ ಬಂದ ಗಾಡಿಯ ಕೆಸರು ಅದರ ಎಳೆಗಳಲ್ಲಿ ಉಳಿದಿದ್ದರೆ ಅದನ್ನೂ ನಮ್ಮ ಗಾಡಿಗೆ ಉಜ್ಜುತ್ತದೆ. ಬಣ್ಣದ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್ ಅನ್ನುತ್ತಾರಲ್ಲ, ಅದರ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್. ಜೆರಾಕ್ಸ್ ಹಾಳೆಯ ಅರ್ಧದಷ್ಟು. ಪಾಲಿಶ್ ಮಾಡಿಸಿದರೆ ಗೀರು ಹೋಗುತ್ತದೆ ನಿಜ, ಆದರೆ ಆ ಪದರವೇ ಇನ್ನಷ್ಟು ತೆಳುವಾಗುತ್ತದೆ. ಬಿಳಿ, ಸಿಲ್ವರ್ ಗಾಡಿಯಲ್ಲಿ ಇದೆಲ್ಲ ಅಷ್ಟಾಗಿ ಕಾಣುವುದಿಲ್ಲ.

ಹಾಗಂತ ಕೈಯಲ್ಲಿ ತೊಳೆದರೆ ಗೀರು ಬೀಳುವುದಿಲ್ಲ ಅಂತಲ್ಲ. ಬೆಳಿಗ್ಗೆ ಒಣ ಬಟ್ಟೆ ಹಿಡಿದು ಧೂಳು ಒರೆಸುತ್ತಾರಲ್ಲ, ಅದು ಬ್ರಷ್‌ಗಿಂತ ಕೆಟ್ಟದ್ದು. ನಮ್ಮ ಗಲ್ಲಿಯಲ್ಲಿ ಮುಕ್ಕಾಲು ಪಾಲು ಕಾರುಗಳ ಹೊಳಪು ಹೋಗಿರುವುದು ಹಾಗೇ. ಮೊದಲು ಬರೀ ನೀರು ಹೊಯ್ದು ಧೂಳು ಇಳಿಸಬೇಕು, ಆಮೇಲೆ ಬಟ್ಟೆ. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಸಾದಾ ನೀರು. ತೊಳೆದು ಮುಗಿದ ಮೇಲೆ ಆ ಎರಡನೇ ಬಕೆಟ್‌ನ ತಳ ನೋಡಿ. ಆ ಬಕೆಟ್ ಇಲ್ಲದಿದ್ದರೆ ಅಲ್ಲಿ ಕೂತ ಕಪ್ಪು ರವೆ ಅಷ್ಟೂ ಬಾನೆಟ್ ಮೇಲೆ ಓಡಾಡುತ್ತಿತ್ತು. ಪಾತ್ರೆ ಲಿಕ್ವಿಡ್, ಬಟ್ಟೆ ಪೌಡರ್ ಬೇಡ, ಹೊಳಪಿಗೆ ಹಚ್ಚಿದ ವ್ಯಾಕ್ಸ್ ಎದ್ದುಹೋಗುತ್ತದೆ. ಬಾಗಿಲಿನ ಕೆಳಗಿನ ಪಟ್ಟಿ ಕೊನೆಗೆ, ಅದಕ್ಕೆ ಬೇರೆ ಬಟ್ಟೆ.

ಇನ್ನು ನೀರು. ನಲ್ಲಿ ನೀರಿಗೆ ಕಾಯುವ ಊರು ನಮ್ಮದು, ಕಾರಿಗೆ ಬೋರ್ ನೀರೇ ಗತಿ. ಅದು ಗಡಸು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವಾಗ ಹತ್ತು ಗಂಟೆ ಬಿಸಿಲಲ್ಲಿ ತೊಳೆದರೆ ಒರೆಸುವ ಮುಂಚೆಯೇ ಆರಿ ಬಿಳಿ ಚುಕ್ಕೆ ಬೀಳುತ್ತದೆ. ಸೂರ್ಯ ಏರುವ ಮುಂಚೆ, ನೆರಳಲ್ಲಿ ತೊಳೆದು ತಕ್ಷಣ ಒರೆಸಬೇಕು. ಆರ್‌ಒ ಮಷೀನ್ ಹೊರಬಿಡುವ ನೀರನ್ನು ಕಾರಿಗೆ ಹಾಕುವವರು ಬಹಳ ಜನ. ಉಳಿತಾಯ ಒಳ್ಳೆಯದೇ, ಆದರೆ ಆ ನೀರಲ್ಲಿ ಲವಣ ಇನ್ನೂ ಜಾಸ್ತಿ. ಚಕ್ರಕ್ಕೆ, ಮೊದಲ ಸಲ ಕೆಸರು ಇಳಿಸಲು ಬಳಸಿ, ಕೊನೆಯ ನೀರು ಮಾತ್ರ ಬೇರೆ ಇರಲಿ. ಏಸಿಯಿಂದ ತೊಟ್ಟಿಕ್ಕುವ ನೀರಲ್ಲಿ ಲವಣ ಇರುವುದೇ ಇಲ್ಲ ಅನ್ನಬಹುದು, ಗಾಜು ಒರೆಸಲು ನಾನು ಅದನ್ನೇ ಡಬ್ಬಿಯಲ್ಲಿ ಹಿಡಿದಿಡುತ್ತೇನೆ. ಬಿದ್ದ ಚುಕ್ಕೆಗೆ, ಸಿಮೆಂಟ್ ಕಲೆಗೆ ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ, ತಣ್ಣಗಿರುವ ಬಾನೆಟ್ ಮೇಲೆ ಒದ್ದೆ ಬಟ್ಟೆ ಐದು ನಿಮಿಷ ಇಟ್ಟು ತೊಳೆದುಬಿಡಿ.

ಬಕೆಟ್ ಲೆಕ್ಕದಲ್ಲಿ 15 ಲೀಟರಿನ ಮೂರು ನಾಲ್ಕು ಸಾಕು. ಪೈಪ್ ಬಿಟ್ಟುಕೊಂಡು ನಿಂತರೆ ಹತ್ತು ನಿಮಿಷದಲ್ಲಿ ನೂರು ಲೀಟರ್ ಆರಾಮಾಗಿ ಹೋಗುತ್ತದೆ. ಬೆಂಗಳೂರಲ್ಲಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂದಿದ್ದರು. ನಮ್ಮಲ್ಲಿ ಪೈಪ್ ಹಿಡಿದು ನಿಂತರೆ ದಂಡಕ್ಕೆ ಮುಂಚೆ ಪಕ್ಕದ ಮನೆಯವರೇ ಬರುತ್ತಾರೆ.

ಮನೆಯಲ್ಲಿ ಆಗದ ಕೆಲಸ ಒಂದೇ, ಗಾಡಿಯ ಹೊಟ್ಟೆ. ಮಳೆಗಾಲದಲ್ಲಿ ಹೊಲದ ದಾರಿ ತುಳಿದು ಬಂದರೆ ವಾಷಿಂಗ್ ಸೆಂಟರ್‌ಗೆ ಹೋಗಲೇಬೇಕು. "ಕಾಕಾ, ಎರಿ ಮಣ್ಣ ಭಾಳ ಹತ್ಯಾದ್ರಿ, ಎತ್ತಿ ಹೊಡೀಲೇನ್ರಿ?" ಅಂತಾನೆ ಹುಡುಗ. ಜ್ಯಾಕ್ ಮೇಲೆ ಏರಿಸಿ ಚಕ್ರದ ಗೂಡಿಗೆ ಪ್ರೆಶರ್ ಬಿಟ್ಟರೆ ಮೊದಲು ಕಪ್ಪು ನೀರು, ಆಮೇಲೆ ಮುಷ್ಟಿ ಗಾತ್ರದ ಹೆಂಟೆಗಳು ದಬದಬ ಬೀಳುತ್ತವೆ. ಈ ಹೆಂಟೆ ತೇವ ಹಿಡಿದಿಟ್ಟು ತುಕ್ಕು ತರುತ್ತದೆ. ರಿಮ್ಮಿನ ಒಳಬದಿಗೆ ಅಂಟಿದ್ದರೆ 80ರ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ವೀಲ್ ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಡುವ ಮುಂಚೆ ಒಮ್ಮೆ ಒಳಗಡೆ ಇಣುಕಿ ನೋಡಿ.

ಫೋಮ್ ಸೇರಿ ಸುಮಾರು 400 ರೂಪಾಯಿ ತಗೊಳ್ಳುತ್ತಾರೆ. ಮೇಲೆ ಒರೆಸುವುದು ಬೇಡ ಅಂತ ಮೊದಲೇ ಹೇಳಿ, ಅವರ ಬಟ್ಟೆ ಬೆಳಿಗ್ಗೆಯಿಂದ ಎಷ್ಟು ಗಾಡಿ ಕಂಡಿದೆಯೋ ಏನೋ. ರೇಡಿಯೇಟರ್ ಕಡೆ, ಎಂಜಿನ್ ವೈರಿಂಗ್ ಕಡೆ ಹತ್ತಿರದಿಂದ ಪ್ರೆಶರ್ ಬಿಡಿಸಬೇಡಿ. ತೊಳೆದ ಮೇಲೆ ಕೆಳಗೆ ಡೀಸೆಲ್ ಹೊಡೆಯುವ ಪದ್ಧತಿ ಇನ್ನೂ ಇದೆ, ಹೊಳೆಯುತ್ತದೆ ಅಂತ. ಒಪ್ಪಬೇಡಿ. ಡೀಸೆಲ್ ತಗುಲಿದರೆ ರಬ್ಬರ್ ಬುಷ್ ಉಬ್ಬಿ ಹಾಳಾಗುತ್ತದೆ, ಎಣ್ಣೆ ಜಿಡ್ಡಿಗೆ ಧೂಳು ಇನ್ನೂ ಜಾಸ್ತಿ ಕೂರುತ್ತದೆ.

ಬಿಳಿ ಕಾರು, ಸೊಂಟ ನೋವು, ಮನೆಯಲ್ಲಿ ನೀರಿಲ್ಲ. ಈ ಮೂರರಲ್ಲಿ ಎರಡು ಇದ್ದರೂ ಬ್ರಷ್ ಮಷೀನ್‌ಗೆ ಹೋಗಿ, ನನ್ನದೇನೂ ತಕರಾರಿಲ್ಲ. ನೀರು ಮರುಬಳಕೆ ಮಾಡುವ ಕಡೆ ಸಿಕ್ಕರೆ ಇನ್ನೂ ಒಳ್ಳೆಯದು. ಬ್ರಷ್ ಮುಟ್ಟುವ ಮುಂಚೆ ಪ್ರೆಶರ್ ನೀರಲ್ಲಿ ಒಮ್ಮೆ ಕೆಸರು ಇಳಿಸಿಕೊಡಿ ಅಂತ ಕೇಳಿ. ಅದಕ್ಕೆ ಐವತ್ತು ರೂಪಾಯಿ ಜಾಸ್ತಿ ಕೇಳಿದರೆ ಚೌಕಾಸಿ ಮಾಡದೆ ಕೊಟ್ಟುಬಿಡಿ.