ಬಾಲ್ ಅಂಡ್ ಸ್ಟಿಕ್ ಮಾಡೆಲ್ ಕಿಟ್: ಸಕ್ಕರೆಗೆ ಸರಿಹೋಗುತ್ತೆ, ಎಟಿಪಿಗೆ ಒಂದು ನೈಟ್ರೋಜನ್ ಕಡಿಮೆ

ಮಂಡ್ಯದ ಕಾಲೇಜು ಲ್ಯಾಬಿನಲ್ಲಿ ಮೊದಲ ವರ್ಷದ ಬಿಎಸ್ಸಿ ಮಕ್ಕಳ ಹಲವು ಬ್ಯಾಚು ಕೈಯಾಡಿಸಿದ ಕಿಟ್ ಇದು. ಗುಂಡು ಅಂದರೆ ಪರಮಾಣು, ಕಡ್ಡಿ ಅಂದರೆ ಬಂಧ. ಬ್ರಾಂಡ್ ತಲೆಕೆಡಿಸಿಕೊಳ್ಳುವ ವಿಷಯವಲ್ಲ, ಡಬ್ಬಿಯೊಳಗಿನ ಲೆಕ್ಕ ನೋಡಿ. ಇದರಲ್ಲಿ ಕಪ್ಪು ಕಾರ್ಬನ್ 24, ಬಿಳಿ ಹೈಡ್ರೋಜನ್ 40, ಕೆಂಪು ಆಕ್ಸಿಜನ್ 12, ನೀಲಿ ನೈಟ್ರೋಜನ್ 4 ಇವೆ. ಗಿಡ್ಡ ಕಡ್ಡಿ 50, ದ್ವಿಬಂಧಕ್ಕೆ ಬಾಗುವ ಉದ್ದ ಕಡ್ಡಿ 24. ಗಂಧಕ, ರಂಜಕ, ಹ್ಯಾಲೋಜನ್ ಒಂದೆರಡು ಇವೆ, ಇದ್ದೂ ಇಲ್ಲದಂತೆ.

1933ರಲ್ಲಿ ಶುರುವಾದ ಮೈಷುಗರ್ ಕಾರ್ಖಾನೆಯ ಊರಲ್ಲಿ ಕಿಟ್ ಪರೀಕ್ಷಿಸಲು ಸುಕ್ರೋಸ್, ಅಂದರೆ ದಿನಬಳಕೆಯ ಸಕ್ಕರೆಗಿಂತ ಒಳ್ಳೆಯ ಅಣು ಬೇಕೆ? ಅದರ ಎರಡು ಭಾಗಗಳಾದ ಗ್ಲೂಕೋಸ್ ಒಂದು, ಫ್ರಕ್ಟೋಸ್ ಒಂದು ಕಟ್ಟಿದರೆ ಆಕ್ಸಿಜನ್ ಹನ್ನೆರಡೂ ಖಾಲಿ. ಗಿಡ್ಡ ಕಡ್ಡಿ 48 ಬೇಕು, ಉಳಿಯುವುದು ಎರಡೇ. ಮೂರು ಕಡ್ಡಿ ಕಳೆದುಹೋಗಿದ್ದರೆ ಅಲ್ಲಿಗೆ ಪಾಠ ನಿಂತಿತು.

ಗ್ಲೂಕೋಸನ್ನು ಉಂಗುರದಿಂದ ಶುರುಮಾಡಿ. ಐದು ಕಾರ್ಬನ್, ಒಂದು ಆಕ್ಸಿಜನ್ ಸೇರಿಸಿ, ಮುಚ್ಚಿ, ಕುರ್ಚಿ ಆಕಾರಕ್ಕೆ ತನ್ನಿ. ಆಕ್ಸಿಜನ್‌ನ ಪಕ್ಕದ ಒಂದು ಕಾರ್ಬನ್ನಿಗೆ ಆರನೇ ಕಾರ್ಬನ್ ಅಡ್ಡಕ್ಕೆ ಸಿಕ್ಕಿಸಿ; ಉಂಗುರದಲ್ಲಿರುವ ಆ ಪಕ್ಕದ ಕಾರ್ಬನ್ನೇ ಸಿ-5, ಆಕ್ಸಿಜನ್‌ನ ಇನ್ನೊಂದು ಪಕ್ಕದ್ದು ಸಿ-1, ಅದರಾಚೆಯದು ಸಿ-2. ಐದೂ ಕಾರ್ಬನ್‌ಗಳಲ್ಲಿ ನೆಟ್ಟಗೆ ಮೇಲೆ ಅಥವಾ ಕೆಳಗೆ ನೋಡುವ ತೂತಿಗೆ ಬಿಳಿ ಗುಂಡು, ಉಳಿದ ಅಡ್ಡ ತೂತುಗಳಿಗೆ ಓಎಚ್ (ಆಕ್ಸಿಜನ್–ಹೈಡ್ರೋಜನ್ ಜೋಡಿ). ಬೀಟಾ-ಗ್ಲೂಕೋಸ್ ತಾನಾಗೇ ಬರುತ್ತದೆ. ಆದರೆ ಡಿ ಬಂತೋ, ಅದರ ಕನ್ನಡಿ ಬಿಂಬವಾದ ಎಲ್ ಬಂತೋ ಎನ್ನುವುದು ಆರನೇ ಕಾರ್ಬನ್ನನ್ನು ಆಕ್ಸಿಜನ್‌ನ ಯಾವ ಪಕ್ಕಕ್ಕೆ ಹಾಕಿದಿರಿ ಎಂಬುದರ ಮೇಲೆ ನಿಂತಿದೆ. ಅರ್ಧ ತರಗತಿ ಎಲ್-ಗ್ಲೂಕೋಸ್ ಕಟ್ಟಿ ಖುಷಿಯಾಗಿ ಕೂತಿರುತ್ತದೆ! ಪರೀಕ್ಷೆ ಸುಲಭ: ಸಿ-5ರ ಬಿಳಿ ಗುಂಡು ಟೇಬಲ್ ಕಡೆ ನೋಡುವಂತೆ ಹಿಡಿದು ಮೇಲಿನಿಂದ ನೋಡಿ. ಉಂಗುರದ ಆಕ್ಸಿಜನ್, ಸಿ-1, ಸಿ-2 ಗಡಿಯಾರದ ಮುಳ್ಳಿನ ದಿಕ್ಕಿಗೆ ಸಾಗಿದರೆ ಡಿ. ಆಮೇಲೆ ಸಿ-1ರಲ್ಲಿ ಮಾತ್ರ ಎಚ್, ಓಎಚ್ ಅದಲು ಬದಲು ಮಾಡಿದರೆ ಆಲ್ಫಾ. ಸುಕ್ರೋಸ್‌ಗೆ ಬೇಕಾದ್ದು ಅದೇ.

ಫ್ರಕ್ಟೋಸ್ ಇಲ್ಲಿ ಐದರ ಉಂಗುರ, ಅದರ ಕೋನ ಕಿಟ್‌ನ 109.5 ಡಿಗ್ರಿಗೆ ಹತ್ತಿರವಿರುವುದರಿಂದ ಕಡ್ಡಿ ಮುರಿಯುವುದಿಲ್ಲ. ಎರಡೂ ಸಿದ್ಧವಾದ ಮೇಲೆ ಗ್ಲೂಕೋಸ್‌ನ ಸಿ-1, ಫ್ರಕ್ಟೋಸ್‌ನ ಸಿ-2 ನಡುವೆ ಒಂದು ಆಕ್ಸಿಜನ್ ಸೇತುವೆ ಬಿಟ್ಟು ಉಳಿದ ಓ, ಎರಡು ಎಚ್ ಕಿತ್ತು ನೀರು ಮಾಡಿಡಿ. ಎರಡು ಉಂಗುರದ ಬಾಯೂ ಈಗ ಬಂದ್. ಬೆನೆಡಿಕ್ಟ್‌ನ ನೀಲಿ ದ್ರಾವಣ ಬಣ್ಣ ಬದಲಿಸುವುದು ಉಂಗುರ ತೆರೆದುಕೊಳ್ಳಬಲ್ಲ ಸಕ್ಕರೆ ಸಿಕ್ಕಾಗ ಮಾತ್ರ. ಬೆನೆಡಿಕ್ಟ್ ಪರೀಕ್ಷೆಯಲ್ಲಿ ಶುದ್ಧ ಸಕ್ಕರೆ ಯಾಕೆ ನೀಲಿಯಾಗೇ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉತ್ತರ ಬೋರ್ಡಿನ ಮೇಲೆ ಬರುವುದಿಲ್ಲ. ಪಕ್ಕದಲ್ಲೇ 5 ಎಂಎಲ್ ಬೆನೆಡಿಕ್ಟ್‌ಗೆ ಎಂಟು ಹನಿ ಬೆಲ್ಲದ ನೀರು ಹಾಕಿ ಕುದಿನೀರಲ್ಲಿಡಿ, ಬಣ್ಣ ಕೆಂಪಿಗೆ ತಿರುಗುತ್ತದೆ. ಬೆಲ್ಲದಲ್ಲಿ ಒಡೆದ ಸಕ್ಕರೆ, ಅಂದರೆ ಬಿಡಿ ಗ್ಲೂಕೋಸ್, ಫ್ರಕ್ಟೋಸ್ ಇರುತ್ತವೆ. ಸಕ್ಕರೆಯನ್ನು ಆಮ್ಲದಲ್ಲಿ ಕಾಯಿಸಿ ಒಡೆಯುವವರು ಕ್ಷಾರ ಹಾಕಿ ತಟಸ್ಥ ಮಾಡದೆ ಬೆನೆಡಿಕ್ಟ್ ಸುರಿದರೆ ಫಲಿತಾಂಶ ಕೈಕೊಡುತ್ತದೆ, ಆ ದ್ರಾವಣ ಕೆಲಸ ಮಾಡುವುದೇ ಕ್ಷಾರದಲ್ಲಿ.

ಜೀವರಸಾಯನಕ್ಕೆ ಬಂದಾಗ ಕಿಟ್ ಏದುಸಿರು ಬಿಡುತ್ತದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣುವಿನ ಒಂದು ಭಾಗವಾದ ಅಡೆನಿನ್‌ಗೇ ನೈಟ್ರೋಜನ್ 5 ಬೇಕು, ಇರುವುದು 4. ಇಡೀ ಎಟಿಪಿಗೆ ಆಕ್ಸಿಜನ್ 13, ಅದೂ ಒಂದು ಕಡಿಮೆ. ಡಿಎನ್‌ಎಯ ಗ್ವಾನಿನ್–ಸೈಟೋಸಿನ್ ಜೋಡಿಗೆ ನೈಟ್ರೋಜನ್ 8, ಎರಡು ಡಬ್ಬಿ ಸೇರಿದರೆ ಕರಾರುವಾಕ್ಕಾಗಿ ಆಗುತ್ತದೆ. ಹೈಡ್ರೋಜನ್ ಬಂಧಕ್ಕೆ ದಾರ ಕಟ್ಟಿಕೊಳ್ಳಿ. ಕೊಬ್ಬಿಗೆ ಸ್ಟಿಯರಿಕ್ ಆಮ್ಲದ ಆಸೆ ಬೇಡ, ಚಿಕ್ಕ ಕೊಬ್ಬಾದ ಟ್ರೈಬ್ಯುಟಿರಿನ್ ಕಟ್ಟಿ, ಕಾರ್ಬನ್ 15, ಹೈಡ್ರೋಜನ್ 26, ಆಕ್ಸಿಜನ್ 6ರಲ್ಲಿ ಮುಗಿಯುತ್ತದೆ.

ಅಮೈನೋ ಆಮ್ಲಗಳನ್ನು ಜೋಡಿಸುವ ಪೆಪ್ಟೈಡ್ ಬಂಧದಲ್ಲಿ ಮೋಸವಿದೆ. ಗಿಡ್ಡ ಕಡ್ಡಿ ಹಾಕಿದರೆ ಸಿ–ಎನ್ ಗರಗರ ತಿರುಗುತ್ತದೆ, ನಿಜದಲ್ಲಿ ಹಾಗೆ ತಿರುಗುವುದಿಲ್ಲ. ಅಲ್ಲಿ ಎರಡು ಬಾಗುವ ಕಡ್ಡಿ ಹಾಕಿ, ಆಕ್ಸಿಜನ್‌ಗೆ ಒಂದೇ ಗಿಡ್ಡ ಕಡ್ಡಿ ಕೊಡಿ. ನೈಟ್ರೋಜನ್‌ನ ನಾಲ್ಕೂ ತೂತು ತುಂಬುತ್ತವೆ, ಅನುರಣನದ (ಒಂದೇ ಅಣುವಿನ ಬಂಧಗಳನ್ನು ಎರಡು ಬಗೆಯಲ್ಲಿ ಬರೆಯಬಹುದಾದದ್ದು) ಇನ್ನೊಂದು ರೂಪ ಕೈಗೆ ಸಿಗುತ್ತದೆ. ಮೂರು ತೂತಿನ ನೈಟ್ರೋಜನ್ ಇರುವ ಕಿಟ್‌ನಲ್ಲಿ ಇದಾಗದು, ಕೊಳ್ಳುವಾಗ ನೋಡಿ. ಬೆಂಜೀನ್ ಕೂಡ ಸುಳ್ಳು ಹೇಳುತ್ತದೆ: ಮೂರು ಉದ್ದ, ಮೂರು ಗಿಡ್ಡ ಎಂದು ತೋರಿಸುತ್ತದೆ, ನಿಜದಲ್ಲಿ ಆರೂ ಬಂಧ 139 ಪಿಕೋಮೀಟರ್. ಇನ್ನೂ ತಮಾಷೆಯೆಂದರೆ ಕಿಟ್‌ನ ದ್ವಿಬಂಧಕ್ಕೆ ಉದ್ದ ಕಡ್ಡಿ. ನಿಜದ ಸಿ–ಸಿ 154 ಇದ್ದರೆ ದ್ವಿಬಂಧ 134, ಗಿಡ್ಡ. ಇದನ್ನು ಮೊದಲ ದಿನವೇ ಹೇಳಿಬಿಡಬೇಕು.

ಸವೆತ ಬರುವುದು ಗುಂಡಿಗಲ್ಲ, ತೂತಿಗೆ. ಕಡ್ಡಿಯನ್ನು ತಿರುಚಿ ಕೀಳುವುದೇ ಕಾರಣ. ಕವಲು ಸಾಧನದಿಂದ ನೇರವಾಗಿ ಎಳೆಯಬೇಕು. ತೂತಿನಲ್ಲಿ ಮುರಿದ ತುಂಡನ್ನು ಸೂಜಿಯಿಂದ ಎಬ್ಬಿಸಬಹುದು. ಸೈಕ್ಲೋಪ್ರೋಪೇನ್‌ಗೆ ಬಾಗುವ ಕಡ್ಡಿಯೇ ಬೇಕು, ಗಿಡ್ಡದ್ದು ಹಾಕಿದರೆ 60 ಡಿಗ್ರಿಗೆ ಬಗ್ಗಿಸುವಾಗ ಪಟ್ಟೆಂದು ಹೋಗುತ್ತದೆ. ತೊಳೆಯಲು ಸೋಪಿನ ನೀರು ಸಾಕು. ಲ್ಯಾಬಿನಲ್ಲಿ ಕೈಗೆ ಸಿಗುತ್ತದೆಂದು ಅಸಿಟೋನ್ ಮುಟ್ಟಿಸಬೇಡಿ, ಗುಂಡು ಪಾಲಿಸ್ಟೈರೀನ್ ಅಥವಾ ಎಬಿಎಸ್ ಆಗಿದ್ದರೆ ಮೇಲ್ಮೈ ಕರಗಿ ಅಂಟಾಗುತ್ತದೆ.

ಒಬ್ಬರೇ ಓದಲು ಒಂದು ಡಬ್ಬಿ ಸಾಕು. ಲ್ಯಾಬಿಗಾದರೆ ಬೆಂಚಿಗೆ ಎರಡು ಕೊಳ್ಳಿ, ಗಿಡ್ಡ ಕಡ್ಡಿಗಳ ಒಂದು ಬಿಡಿ ಪೊಟ್ಟಣವನ್ನೂ ಅದೇ ಬಿಲ್ಲಿಗೆ ಸೇರಿಸಿ. ಬೇರೆ ಅಚ್ಚಿನ ಕಡ್ಡಿ ಈ ತೂತಿನಲ್ಲಿ ನಿಲ್ಲುವುದಿಲ್ಲ.