ಕೊನೆಯ ರೊಟ್ಟಿಯೂ ಬಿಸಿ: ಸ್ಟೀಲ್ ಹಾಟ್‌ಬಾಕ್ಸ್

ಹುಬ್ಬಳ್ಳಿಯ ದುರ್ಗದಬೈಲಿನ ಪಾತ್ರೆ ಅಂಗಡಿಯೊಂದರಲ್ಲಿ ಇದನ್ನು ಕೊಂಡು ನಾಲ್ಕು ತಿಂಗಳಾಯಿತು. ಬೆಲೆ 1,150 ರೂಪಾಯಿ.

ಬಾಸೆಲ್ ಮಿಷನ್ 1841ರಲ್ಲಿ ಗದಗ ಪಕ್ಕದ ಬೆಟಗೇರಿಗೆ ಬಂದ ಕಾಲದಿಂದ ಕ್ರೈಸ್ತರಾದ ಕುಟುಂಬ ನಮ್ಮದು. ಭಾನುವಾರ ಚರ್ಚಿನಿಂದ ಬರುವಾಗ ಊಟಕ್ಕೆ ಯಾರಾದರೂ ಜೊತೆಗಿರುತ್ತಾರೆ. ಪ್ರಾರ್ಥನೆ ಮುಗಿದೊಡನೆ ಊಟ ಮೊದಲು ಅತಿಥಿಗಳಿಗೆ, ಆಮೇಲೆ ಹಿರಿಯರಿಗೆ, ಮಕ್ಕಳಿಗೆ, ಬಡಿಸುವವರಿಗೆ ಕೊನೆಗೆ. ನಮ್ಮ ಅತ್ತೆಯವರು ನಲವತ್ತು ವರ್ಷ ಹೀಗೆಯೇ ಬಡಿಸಿದರು. ಅವರ ಪಾಲಿಗೆ ಉಳಿಯುತ್ತಿದ್ದುದು ಅಂಚು ಸೆಟೆದ ತಣ್ಣನೆಯ ರೊಟ್ಟಿ. ಅದನ್ನು ಮುರಿದು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದರು, ಒಂದು ದಿನವೂ ಬೇಸರದ ಮಾತಾಡಲಿಲ್ಲ. ನೋಡುವ ನನಗೇ ಸಂಕಟವಾಗುತ್ತಿತ್ತು.

ಈಗ ಹನ್ನೆರಡಕ್ಕೆ ಬಡಿದು ಈ ಹಾಟ್‌ಬಾಕ್ಸ್‌ನಲ್ಲಿಟ್ಟ ಜೋಳದ ರೊಟ್ಟಿ ಎರಡು ಗಂಟೆಗೂ ಮೆತ್ತಗೆ, ಬೆಚ್ಚಗೆ ಇರುತ್ತದೆ. ಅಗಲದ ರೊಟ್ಟಿಯನ್ನು ಮಡಚಿಯೇ ಇಡಬೇಕು. ಮುಚ್ಚಳದ ಆವಿ ತೊಟ್ಟಿಕ್ಕಿ ಮೇಲಿನದು ಒದ್ದೆಯಾಗುತ್ತದೆ. ಕೆಳಗೂ ಮೇಲೂ ಹತ್ತಿ ಬಟ್ಟೆ ಹಾಕಿ. ಹಿಡಿಕೆಯ ತಿರುಪು ಎರಡು ಸಲ ಸಡಿಲವಾಯಿತು, ಈ ಬೆಲೆಗೆ ಹಾಗಾಗಬಾರದಿತ್ತು.

ಹೊರಮೈ ಸುಡದ ಕಾರಣ ಹತ್ತು ವರ್ಷದ ಮಗನೇ ಹಿಡಿದುಕೊಂಡು ಬಡಿಸುತ್ತಾನೆ. ಯೇಸು ಶಿಷ್ಯರ ಕಾಲು ತೊಳೆದ ಸಂಗತಿಯನ್ನು ಚರ್ಚಿನಲ್ಲಿ ಕೇಳಿ ಬಂದಿದ್ದ. ಹೋದ ವಾರ ಅತಿಥಿಗಳಿಗೆ ಬಡಿಸಿದವನು ನೇರ ಅಡುಗೆಮನೆಗೆ ಹೋಗಿ, "ಅಜ್ಜಿ, ನೀವು ಕೂತುಕೊಳ್ಳಿ, ಕೊನೆಗೆ ನಾನು ತಿನ್ನುತ್ತೇನೆ" ಎಂದು ಕೈಹಿಡಿದು ಕರೆತಂದ. ಅತ್ತೆಯವರು ಎಣ್ಣೆಗಾಯಿಗೆಂದು ತುತ್ತು ಮುರಿದಾಗ ರೊಟ್ಟಿಯಿಂದ ಸಣ್ಣಗೆ ಆವಿ ಎದ್ದಿತು.